ಮೂರು ದಿನದ ಬಾಳು

ಅಡಿಗೆ ಕೆಟ್ಟಿದೆಯೆಂದು ಹೇಳುವುದು ಕಷ್ಟ. ಕೇಳಿಸಿಕೊಳ್ಳುವುದು ಇನ್ನೂ ಕಷ್ಟ. ಉಪ್ಪಿಲ್ಲದ ಸಾರನ್ನು ಹೊಗಳಿ ಉಂಡೆದ್ದ ಅತಿಥಿಯೂ, ಆ ಹೊಗಳಿಕೆಯನ್ನು ನಂಬಿ ಮರುದಿನವೂ ಉಪ್ಪು ಮರೆತ ಗೃಹಿಣಿಯೂ ಎಲ್ಲ ದೇಶಗಳಲ್ಲಿಯೂ ಉಂಟು. ದಾಕ್ಷಿಣ್ಯವೆಂಬುದು ನಾಲಗೆಯ ಮೊದಲ ಶತ್ರು. ಆದರೆ ಸೌಜನ್ಯಕ್ಕೆ ಹೆಸರಾದ ಇಂಗ್ಲೆಂಡಿನಲ್ಲಿ, ಅದೂ ಊರವರೆಲ್ಲ ಸಂಜೆ ಕಲೆಯುವ ಪಬ್ಬಿನಲ್ಲಿ, ದಾಕ್ಷಿಣ್ಯವನ್ನು ಬಾಗಿಲ ಹೊರಗಿಟ್ಟು ಬರಬೇಕಾದ ಒಂದು ವಿಷಯವಿದೆ. ಅದು ಪೀಪಾಯಿಯ ಏಲ್.

ಪಾನದ ಗುಣದೋಷಗಳ ಚರ್ಚೆ ಬೇರೆ. ಅದನ್ನು ಬದಿಗಿಟ್ಟು ನೋಡಿದರೂ ಈ ಪದಾರ್ಥದ ಕತೆ ಸ್ವಾರಸ್ಯವಾದದ್ದು. ಏಲ್ ಎಂದರೆ ಒಂದು ಬಗೆಯ ಬೀರು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ನೀರು, ಕಹಿಯನ್ನೂ ಕಂಪನ್ನೂ ಕೊಡುವ ಹಾಪ್ ಬಳ್ಳಿಯ ಹೂವು, ಹುದುಗು ಬರಿಸುವ ಯೀಸ್ಟ್, ಇವಿಷ್ಟೇ ಅದರ ಮೂಲದ್ರವ್ಯಗಳು. ಸಾಮಾನ್ಯ ಬೀರನ್ನು ಕಾರ್ಖಾನೆಯಲ್ಲಿಯೇ ಸೋಸಿ, ಅನಿಲ ತುಂಬಿ ಕಳುಹಿಸುತ್ತಾರೆ. ಪೀಪಾಯಿಯ ಏಲನ್ನು ಹಾಗೆ ಮಾಡುವುದಿಲ್ಲ. ಯೀಸ್ಟ್ ಅದರಲ್ಲಿ ಇನ್ನೂ ಜೀವಂತವಾಗಿರುತ್ತದೆ. ಪಬ್ಬಿನ ನೆಲಮಾಳಿಗೆಯಲ್ಲಿ ಮಲಗಿ ಪಕ್ವಗೊಳ್ಳುತ್ತದೆ. ರುಬ್ಬಿಟ್ಟ ಇಡ್ಲಿಯ ಹಿಟ್ಟಿನ ಕೆಲಸ ರುಬ್ಬಿದಲ್ಲಿಗೆ ಮುಗಿಯುವುದಿಲ್ಲವಲ್ಲ, ಹಾಗೆ. ಮಾಡಿದವನ ಕೈಯಿಂದ ಕಾಯುವವನ ಕೈಗೆ ಅದರ ಭವಿಷ್ಯ ಬರುತ್ತದೆ.

ಕಾಯುವುದೂ ಒಂದು ವಿದ್ಯೆಯೇ. 9 ಗ್ಯಾಲನ್ನಿನ, ಎಂದರೆ 72 ಪಿಂಟುಗಳ ಪೀಪಾಯಿಯನ್ನು ಅಡ್ಡಲಾಗಿ ಮಲಗಿಸಿ ಅಲುಗದಂತೆ ಒತ್ತು ಕೊಡಬೇಕು. ಮೇಲಿನ ರಂಧ್ರಕ್ಕೆ ಮೆದುಮರದ ಬೆಣೆ ಬಡಿದು ಹೆಚ್ಚಿನ ಅನಿಲ ಹೊರಹೋಗಲು ಬಿಡಬೇಕು. ಆಮೇಲೆ ಗಟ್ಟಿಮರದ ಬೆಣೆಯಿಟ್ಟು ಉಳಿದ ಅನಿಲವನ್ನು ಕಾಪಾಡಬೇಕು. ಕೊಡತಿಯಿಂದ ಒಂದೇ ಏಟಿಗೆ ನಲ್ಲಿ ಕೂರಿಸಬೇಕು. ಗಸಿ ಇಳಿಯುವ ತನಕ, ಸುಮಾರು ಒಂದು ದಿನ, ತಾಳ್ಮೆಯಿಂದಿರಬೇಕು. ಗಸಿ ಬೇಗ ಇಳಿಯಲೆಂದು ಮೀನಿನ ಗಾಳಿಚೀಲದಿಂದ ತೆಗೆದ ಒಂದು ಬಗೆಯ ಅಂಟನ್ನು ಸೇರಿಸುವುದು ಹಳೆಯ ಪದ್ಧತಿ. ಸಸ್ಯಾಹಾರಿಗಳನ್ನು ನೆನೆದು ಅದನ್ನು ಬಿಟ್ಟವರೂ ಈಗ ಹಲವರಿದ್ದಾರೆ. ನೆಲಮಾಳಿಗೆ 12 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರಬೇಕು. ಇಷ್ಟೆಲ್ಲ ಮಾಡಿ ಪೀಪಾಯಿ ತೆರೆದ ಮೇಲೆ ಅದರ ಆಯುಸ್ಸು ಎಷ್ಟು? ಸುಮಾರು ಮೂರು ದಿನ. ತೆಗೆದ ಪ್ರತಿ ಪಿಂಟಿನ ಜಾಗಕ್ಕೂ ಹೊರಗಿನ ಗಾಳಿ ನುಗ್ಗುತ್ತದೆ. ಗಾಳಿಯೊಡನೆ ಹುಳಿಯೂ ಬರುತ್ತದೆ.

ನೆಲಮಾಳಿಗೆಯಿಂದ ಏಲನ್ನು ಮೇಲೆತ್ತುವುದು ಕೈಪಂಪು. ಜೋಸೆಫ್ ಬ್ರಾಮ ಎಂಬ ಯಂತ್ರಶಿಲ್ಪಿ 1797ರಲ್ಲಿ ಅಂಥದೊಂದು ಯಂತ್ರಕ್ಕೆ ಹಕ್ಕುಪತ್ರ ಪಡೆದನು. 1960ರ ದಶಕದಲ್ಲಿ ಕೆಡದ, ಕಾಯಬೇಕಿಲ್ಲದ, ಅನಿಲ ತುಂಬಿದ ಲೋಹದ ಪೀಪಾಯಿಗಳು ಬಂದಾಗ ಈ ಕೈಪಂಪುಗಳು ಒಂದೊಂದಾಗಿ ಮೂಲೆಗೆ ಸರಿದವು. ಅದನ್ನು ಸಹಿಸದ ನಾಲ್ವರು ಯುವಕರು 1971ರಲ್ಲಿ ‘ಕಾಮ್ರಾ’ ಎಂಬ ಸಂಘ ಕಟ್ಟಿ ಚಳವಳಿ ಹೂಡಿದರು. ಏಲ್ ಉಳಿಯಿತು, ಹೊಸ ಬಗೆಗಳೂ ಹುಟ್ಟಿದವು. ಹಿಂದೆ ಏಲ್ ಎಂದರೆ ಕಂದುಬಣ್ಣವೇ ಹೆಚ್ಚು. ಸಾಮರ್‌ಸೆಟ್ ಪ್ರಾಂತದ ಎಕ್ಸ್‌ಮೂರ್ ಗೋಲ್ಡ್ 1986ರಲ್ಲಿ ಹೊಂಬಣ್ಣ ತಾಳಿ ಬಂದಿತು. ಆ ಮೇಲೆ ಹೊಂಬಣ್ಣದ, ಹುಲ್ಲುಬಣ್ಣದ ‘ಬ್ಲಾಂಡ್’ ಏಲುಗಳು ದೇಶವೆಲ್ಲ ಹರಡಿದವು.

ನೋಡಲು ಚೆಲುವಾದ ಈ ಬ್ಲಾಂಡಿಗೆ ಒಂದು ಸಂಕಟವುಂಟು. ಅದರ ದೋಷಕ್ಕೆ ಅಡಗಲು ಜಾಗವಿಲ್ಲ. ಹುರಿದ ಬಾರ್ಲಿಯ ಕಪ್ಪು ಬೀರಿನಲ್ಲಿ ಸಣ್ಣ ತಪ್ಪು ಮರೆಯಾದೀತು. ತೆಳುವಾದ ಬ್ಲಾಂಡಿನಲ್ಲಿ ಬಿಳಿಯ ಪಂಚೆಯ ಮೇಲಿನ ಕಲೆಯಂತೆ ಎದ್ದು ಕಾಣುತ್ತದೆ.

ಯಾರ್ಕ್‌ಷೈರಿನ ಗುಡ್ಡಗಳ ನಡುವಣ ಒಂದು ಸಣ್ಣ ಪಬ್ಬನ್ನು, ಅಲ್ಲಿನ ಒಂದು ಭಾನುವಾರದ ಸಂಜೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಬ್ಲಾಂಡಿನ ಪೀಪಾಯಿಯನ್ನು ಗುರುವಾರ ತೆರೆದದ್ದು. ಶುಕ್ರ, ಶನಿವಾರಗಳಲ್ಲಿ ಮಳೆ ಹಿಡಿದು ಗಿರಾಕಿಗಳು ಬರಲಿಲ್ಲ. ಇನ್ನೂ ಮೂವತ್ತು ಪಿಂಟು ಉಳಿದಿದೆ. ಕಟ್ಟೆಯ ಹಿಂದೆ ಪಬ್ಬಿನ ಒಡತಿ. ಗಂಡ ತೀರಿದ ಮೇಲೆ ಒಬ್ಬಳೇ ನಡೆಸುತ್ತಿರುವವಳು. ಕಟ್ಟೆಯ ಈಚೆ, ರೈಲ್ವೆಯಲ್ಲಿ ದುಡಿದು ನಿವೃತ್ತನಾದ ಮುದುಕ. ಇಪ್ಪತ್ತು ವರ್ಷದಿಂದ ಅದೇ ಮೂಲೆ, ಅದೇ ಕುರ್ಚಿ.

ಕೊಳ್ಳುವ ಮುನ್ನ ಸಣ್ಣ ಲೋಟದಲ್ಲಿ ರುಚಿ ನೋಡಲು ಕೊಡುವುದು ಒಳ್ಳೆಯ ಪಬ್ಬುಗಳ ಸಂಪ್ರದಾಯ. ಒಡತಿ ಕೊಟ್ಟಳು. ಮುದುಕ ಲೋಟವನ್ನು ದೀಪಕ್ಕೆ ಹಿಡಿದ. ತಿಳಿಯಾಗಿತ್ತು. ಮೂಗಿನ ಬಳಿ ತಂದ. ನಿಂಬೆಯ ಸಿಪ್ಪೆಯಂತಹ ಹಾಪ್ ಹೂವಿನ ಕಂಪು ಇರಬೇಕಾದೆಡೆ ಬೇರೇನೋ ಸುಳಿಯಿತು. ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದ.

ಆ ಮೌನಕ್ಕೆ ಕಾರಣವಿತ್ತು. ಹಳ್ಳಿಯ ಪಬ್ಬುಗಳು ಮುಚ್ಚುತ್ತಿರುವುದನ್ನು ಅವನು ಕಣ್ಣಾರೆ ಕಂಡಿದ್ದ. ಮೂವತ್ತು ಪಿಂಟಿನ ಬೆಲೆ ಇವಳ ಪಾಲಿಗೆ ಎಷ್ಟೆಂಬುದೂ ಅವನಿಗೆ ಗೊತ್ತು. “ಚೆನ್ನಾಗಿದೆ” ಎಂಬ ಒಂದೇ ಮಾತು ಸಾಕಾಗಿತ್ತು.

“ಮಗೂ, ಅಂಚು ತಿರುಗಿದೆ,” ಎಂದ ಕೊನೆಗೆ.

“ಕೊಳವೆಯಲ್ಲಿ ನಿಂತದ್ದಿರಬೇಕು. ತಾಳಿ,” ಎಂದು ಅವಳು ಎರಡು ಲೋಟ ಎಳೆದು ಚೆಲ್ಲಿ, ಹೊಸದಾಗಿ ಕೊಟ್ಟಳು. ಅವನು ಕುಡಿದು ತಲೆಯಾಡಿಸಿದ. ಅವಳೂ ಒಂದು ಗುಟುಕು ಕುಡಿದಳು. ನಾಲಗೆಯ ಎರಡೂ ಬದಿಗಳಲ್ಲಿ ತೆಳುವಾಗಿ, ಸಂಶಯಕ್ಕೆಡೆಯಿಲ್ಲದಂತೆ, ಹುಳಿ ನಿಂತಿತು.

ಅದೇ ಹೊತ್ತಿಗೆ ಬಾಗಿಲು ತೆರೆದು, ಗುಡ್ಡ ಸುತ್ತಿ ಮಳೆಯಲ್ಲಿ ತೊಯ್ದ ಹತ್ತು ಹನ್ನೆರಡು ಮಂದಿ ಒಳಬಂದರು. ದಣಿದವರು, ಬಾಯಾರಿದವರು. ಮುಂದಿದ್ದ ತರುಣನು ಪಂಪಿನ ಮೇಲಿನ ಹೆಸರಿನ ಬಿಲ್ಲೆ ನೋಡಿ, “ಎಲ್ಲರಿಗೂ ಬ್ಲಾಂಡ್!” ಎಂದ.

ದಾರಿಹೋಕರು. ನಾಳೆ ಬರುವವರಲ್ಲ. ದಣಿದ ನಾಲಗೆಗೆ ಹುಳಿ ತಿಳಿಯುವುದೂ ಇಲ್ಲ; ತಿಳಿದರೂ ಬ್ಲಾಂಡ್ ಎಂದರೆ ಹೀಗೆಯೇ ಎಂದುಕೊಂಡಾರು. ಹತ್ತೇ ನಿಮಿಷದಲ್ಲಿ ಪೀಪಾಯಿಯ ನಷ್ಟ ಅರ್ಧ ಇಳಿದುಬಿಡುತ್ತಿತ್ತು. ಒಡತಿ ಮುದುಕನ ಕಡೆ ನೋಡಿದಳು. ಮುದುಕ ಕಿಟಕಿಯ ಕಡೆ ನೋಡುತ್ತಿದ್ದ. ಹೇಳಬೇಕಾದ್ದನ್ನು ಅವನು ಹೇಳಿಯಾಗಿತ್ತು.

ಅವಳು ಕೈಚಾಚಿ ಪಂಪಿನ ಬಿಲ್ಲೆಯನ್ನು ಹಿಂದುಮುಂದಾಗಿ ತಿರುಗಿಸಿದಳು. ಬಿಲ್ಲೆಯ ಬೆನ್ನು ಕಂಡರೆ ‘ಇದು ಈಗಿಲ್ಲ’ ಎಂದರ್ಥ. ಇಂಗ್ಲೆಂಡಿನ ಪಬ್ಬುಗಳಲ್ಲಿ ಅದನ್ನು ಎಲ್ಲರೂ ಬಲ್ಲರು. “ಕ್ಷಮಿಸಿ, ಬ್ಲಾಂಡ್ ನಾಳೆ ಸಂಜೆಗೆ. ಇವತ್ತು ಕಂದು ಏಲ್ ಚೆನ್ನಾಗಿದೆ,” ಎಂದಳು. ತರುಣರು ಒಂದು ಕ್ಷಣ ಮುಖ ಸಪ್ಪೆ ಮಾಡಿದರು. ಕಂದು ಏಲಿಗೆ ಒಪ್ಪಿದವರು ಅರ್ಧ ಮಂದಿ; ಉಳಿದವರು ಚಹಾ ಕೇಳಿದರು. ಅವರು ಹೋದ ಮೇಲೆ ನೆಲಮಾಳಿಗೆಯಿಂದ ಕೊಡತಿಯ ಸದ್ದು ಕೇಳಿಸಿತು. ಶುಕ್ರವಾರ ಬಂದು ಮಲಗಿದ್ದ ಹೊಸ ಪೀಪಾಯಿಗೆ ಬೆಣೆ ಬೀಳುತ್ತಿತ್ತು. ಹಳೆಯದು ಮೋರಿಯ ಪಾಲಾಯಿತು.

ವ್ಯಾಪಾರದ ಲೆಕ್ಕದಲ್ಲಿ ಅದು ನಷ್ಟವೇ. ಆದರೆ ಮೂರು ದಿನದ ಬಾಳಿನ ಪದಾರ್ಥವನ್ನು ಮಾರುವವರು ಮಾರುವುದು ನಂಬಿಕೆಯನ್ನು. ಬೀರು ಹಳಸಿದರೆ ಹೊಸ ಪೀಪಾಯಿ ಬಂದೀತು; ಮಾತು ಹಳಸಿದರೆ ಬದಲಿ ಎಲ್ಲಿಂದ ತರುವುದು? ಆ ನಂಬಿಕೆ ಉಳಿಯಬೇಕಾದರೆ ಕಟ್ಟೆಯ ಆಚೆ ಧೈರ್ಯವಿರಬೇಕು, ಈಚೆ ಸತ್ಯವಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಪಂಪಿನಲ್ಲಿ ಹುಳಿಯೇ ಬರುತ್ತದೆ.

ಸೋಮವಾರ ಸಂಜೆ ಬಿಲ್ಲೆ ಮತ್ತೆ ಮುಖ ತೋರಿಸಿತು. ಮುದುಕನ ಮುಂದೆ ಸಣ್ಣ ಲೋಟ ಬಂದಿತು. ತೆಳುವಾದ ಬಿಳಿಯ ನೊರೆ, ಅದರಡಿಯಲ್ಲಿ ಮಾಗಿದ ಹುಲ್ಲಿನ ಬಣ್ಣ. ಮೂಗಿಗೆ ಹೂವು, ನಾಲಗೆಗೆ ಮೊದಲು ಬಾರ್ಲಿಯ ಸಣ್ಣ ಸಿಹಿ, ಹಿಂದಿನಿಂದ ಹದವಾದ ಕಹಿ. ನುಂಗಿದ ಮೇಲೆ ಬಾಯಿ ಶುಚಿ. ಅವನು ಹೊಗಳಲಿಲ್ಲ. ಪೂರ್ತಿ ಪಿಂಟಿನ ಹಣವನ್ನು ಕಟ್ಟೆಯ ಮೇಲಿಟ್ಟು, ಅದರ ಪಕ್ಕದಲ್ಲಿ ಇನ್ನೊಂದರ ಹಣವನ್ನೂ ಇಟ್ಟ.

“ಇದು ನಿನಗೆ, ಮಗೂ,” ಎಂದ.

ಇಂಗ್ಲೆಂಡಿನ ಪಬ್ಬಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.