ಕೇರುವ ಕೈಯೂ ಲೆಕ್ಕ ಕೊಡಲಿ

ಅಹಮದಾಬಾದು, ವಡೋದರಾ, ಸೂರತ್ ನಗರಗಳಲ್ಲಿ ನೆಲೆಸಿರುವ ಕನ್ನಡ ಬಾಂಧವರಿಗೆ ಇಂದು ಊರಿನ ಅರಳಿಕಟ್ಟೆ ಎಂದರೆ ವಾಟ್ಸಾಪ್ ಗುಂಪೇ. ಬಾಡಿಗೆ ಮನೆ, ವರಾನ್ವೇಷಣೆ, ರಕ್ತದಾನದ ಕರೆ, ರಾಜ್ಯೋತ್ಸವದ ನಾಟಕ ಎಲ್ಲಕ್ಕೂ ಅದೇ ಕಟ್ಟೆ. ಒಂದು ಕಾಲಕ್ಕೆ 256 ಜನರಿಗೆ ನಿಂತಿದ್ದ ಗುಂಪಿನ ಮಿತಿ 2022ರಲ್ಲಿ 1024ಕ್ಕೆ ಏರಿತು. ಮನೆಮಂದಿಯಂತಿದ್ದ ಕೂಟ ಸಂತೆಯಾಯಿತು. ಸಂತೆಯ ಕಾಳಿನಲ್ಲಿ ಹೊಟ್ಟೂ ಇರುತ್ತದೆ; ಕೇರಲೇಬೇಕು. ಕೇರುವವರು ಯಾರು, ಯಾವ ನಿಯಮದಿಂದ ಎಂಬುದೇ ಪ್ರಶ್ನೆ.

"ಎಲ್ಲರಿಗೂ ಬಾಯಿದೆ, ಯಾರೂ ತಡೆಯಕೂಡದು" ಎನ್ನುವವರು ನಮ್ಮಲ್ಲಿದ್ದಾರೆ. 2018ರ ಜೂನ್‌ನಲ್ಲಿ ಇದೇ ಅಹಮದಾಬಾದಿನ ವಾಡಜ್‌ನಲ್ಲಿ, ಭಿಕ್ಷೆ ಬೇಡಿ ಬದುಕುತ್ತಿದ್ದ ಹೆಂಗಸೊಬ್ಬಳನ್ನು ಮಕ್ಕಳ ಕಳ್ಳಿಯೆಂದು ಶಂಕಿಸಿ ಜನ ಹೊಡೆದು ಕೊಂದರು. ಮುಂದಿನ ತಿಂಗಳೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ತರುಣ ಎಂಜಿನಿಯರ್ ಒಬ್ಬ ಇಂಥದೇ ವದಂತಿಗೆ ಬಲಿಯಾದ. ಅನ್ನ ಕೊಟ್ಟ ನಾಡಿನಲ್ಲೂ ಹೆತ್ತ ನಾಡಿನಲ್ಲೂ ಕೈಯಿಂದ ಕೈಗೆ ದಾಟಿದ ಸುಳ್ಳು ಜೀವ ತೆಗೆದಿದೆ. ಇಂಥದನ್ನು ತಡೆಯುವುದು ವಾಕ್‌ಸ್ವಾತಂತ್ರ್ಯದ ಹರಣವಲ್ಲ.

ಇನ್ನು ಕೆಲವರ ಮಾತು ಬೇರೆ: "ಪೊಲೀಸರು ಬಂದರೆ ಹಿಡಿಯುವುದು ಅಡ್ಮಿನ್‌ನನ್ನೇ. ಆದ್ದರಿಂದ ಅಡ್ಮಿನ್ ಮಾತ್ರ ಬರೆಯಲಿ, ಉಳಿದವರು ಓದಲಿ." ಈ ಭಯಕ್ಕೂ ಆಧಾರ ಸಾಲದು. ಸದಸ್ಯನ ಬರಹಕ್ಕೆ ಅಡ್ಮಿನ್ ಎಂಬ ಒಂದೇ ಕಾರಣದಿಂದ ಯಾರೂ ಅಪರಾಧಿಯಾಗುವುದಿಲ್ಲ ಎಂದು ಬೊಂಬಾಯಿ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟು 2022ರಲ್ಲಿ ಹೇಳಿವೆ. ಕಟ್ಟೆಗೆ ಬೇಲಿ ಹಾಕಿದ ಮೇಲೆ ಅದು ಕಟ್ಟೆಯಲ್ಲ, ನೋಟೀಸು ಬೋರ್ಡು.

ನಮ್ಮ ಆಕ್ಷೇಪಣೆ ಇರುವುದು ಇಲ್ಲಿ. ಇತರರ ಸಂದೇಶವನ್ನು ಎಲ್ಲರ ಫೋನಿನಿಂದಲೂ ಅಳಿಸುವ ಅಧಿಕಾರ ಅಡ್ಮಿನ್‌ಗಳಿಗೆ 2022ರಲ್ಲಿ ಬಂತು. ಅಳಿಸಿದವರ ಹೆಸರು ತೆರೆಯ ಮೇಲೆ ಕಾಣುತ್ತದೆ; ಕಾರಣ ಕಾಣುವುದಿಲ್ಲ. ನಾವು ಬಲ್ಲ ಒಂದು ಗುಂಪಿನಲ್ಲಿ ಉತ್ಸವದ ಊಟದ ಖರ್ಚು ಎಷ್ಟಾಯಿತೆಂದು ಹಿರಿಯ ಸದಸ್ಯೆಯೊಬ್ಬರು ವಿನಯದಿಂದಲೇ ಕೇಳಿದ ಎರಡು ಸಾಲು ಕ್ಷಣಾರ್ಧದಲ್ಲಿ ಮಾಯವಾಯಿತು. ಮಕ್ಕಳ ಕಳ್ಳರ ಬಗೆಗಿನ ಸುಳ್ಳು ಸಂದೇಶ ಮಾತ್ರ ಮೂರು ದಿನ ಅಲ್ಲೇ ಕುಳಿತಿತ್ತು. ಕಾಳನ್ನು ತೂರಿ ಹೊಟ್ಟನ್ನು ಕಣಜಕ್ಕೆ ತುಂಬುವ ಈ ಒಕ್ಕಲುತನ ಯಾವ ಸೀಮೆಯದು?

"ಅನುಚಿತ ಬರಹ ಅಳಿಸಲಾಗುವುದು" ಎಂದರೆ ಸಾಲದು. ಅನುಚಿತವೆಂದರೇನು? ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರಲ್ಲಿ ರದ್ದುಮಾಡಿದ್ದಕ್ಕೆ ಅದರ ಮಾತುಗಳು ಅಸ್ಪಷ್ಟವಾಗಿದ್ದುದೂ ಒಂದು ಕಾರಣ. 2021ರ ನಿಯಮಗಳಂತೂ ಇಂಥ ಕಂಪನಿಗಳು ದೂರು ಬಂದುದನ್ನು 24 ಗಂಟೆಯೊಳಗೆ ಒಪ್ಪಿಕೊಂಡು, 15 ದಿನದೊಳಗೆ ಇತ್ಯರ್ಥ ಮಾಡಬೇಕೆಂದವು. ಪರದೇಶದ ಕಂಪನಿಗೆ ಇಲ್ಲದ ದರ್ಬಾರು ನಮ್ಮ ಸಂಘಗಳ ಪದಾಧಿಕಾರಿಗಳಿಗೆ ಎಲ್ಲಿಂದ ಬಂತು?

ಆದ್ದರಿಂದ ಮೂರು ಸಂಘಗಳ ವಾರ್ಷಿಕ ಸಭೆಗಳ ಮುಂದೆ ನಮ್ಮ ಬೇಡಿಕೆ ಇಷ್ಟು. ಏನನ್ನು ಅಳಿಸಬಹುದೆಂಬ ನಿಯಮ ಬರಹದಲ್ಲಿರಲಿ, ಸಭೆಯ ಒಪ್ಪಿಗೆ ಪಡೆಯಲಿ. ಅಳಿಸಿದ ದಿನವೇ ಬರೆದವರಿಗೆ ಒಂದು ಸಾಲಿನ ಕಾರಣ ಹೋಗಲಿ. ಒಪ್ಪದವರ ಅಹವಾಲನ್ನು ಕಾರ್ಯಕಾರಿ ಸಮಿತಿಗೆ ಸೇರದ ಇಬ್ಬರು ಕೇಳಲಿ. ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಸಂಘದ ಹಣದ ಲೆಕ್ಕ ಕೇಳಿದ ಮಾತನ್ನು ಯಾವ ಕಾರಣಕ್ಕೂ ಅಳಿಸಕೂಡದು.

ಅಂಚೆಚೀಟಿ ಹಚ್ಚಿದ ಲಕೋಟೆ ಇಟ್ಟು ಕಳಿಸಿದರೆ ಅಸ್ವೀಕೃತ ಲೇಖನವನ್ನು ಹಿಂತಿರುಗಿಸುವ ಮರ್ಯಾದೆ ಕನ್ನಡ ಪತ್ರಿಕೆಗಳಿಗಿತ್ತು. ಆ ಮರ್ಯಾದೆ ನಮಗೂ ಅನ್ವಯಿಸುತ್ತದೆ. ಈ ಬರಹವನ್ನು ಖಂಡಿಸಿ ಬಂದ ಪತ್ರಗಳನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಹಾಕಲಾಗದಿದ್ದರೆ ಏಕೆಂದು ಬರೆದವರಿಗೆ ತಿಳಿಸುತ್ತೇವೆ.