ದೊಡ್ಡ ಬ್ಯಾಟರಿ ಬೇಡ, ಮೊದಲು ಫ್ಯಾನ್ ಬದಲಿಸಿ

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ಹೊಸಬಾಳೆ ಕಡೆಯ ಮನೆಗಳಿಗೆ ಯುಪಿಎಸ್ಸೇ ಗತಿ. ಅದು ಬೆಳಗಾಗುವ ಮೊದಲೇ ಕೂಗಿ ಆಫ್ ಆದರೆ ‘ದೊಡ್ಡ ಬ್ಯಾಟರಿ ಹಾಕ್ಸಿ’ ಅನ್ನುತ್ತಾರೆ. ನನ್ನ ಪ್ರಕಾರ ಮೊದಲು ಬದಲಾಗಬೇಕಾದ್ದು ಫ್ಯಾನ್.

ಲೆಕ್ಕ ನೋಡಿ. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಇರುವುದು 1800 ವ್ಯಾಟ್ ಅವರ್. ಲೆಡ್ ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ, ಅಂದರೆ 900 ಮಾತ್ರ ಬಳಸಬೇಕು. 75 ವ್ಯಾಟ್‌ನ ಹಳೇ ಫ್ಯಾನ್ 8 ಗಂಟೆ ತಿರುಗಿದರೆ 600 ತಿನ್ನುತ್ತದೆ. 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನಿಗೆ 240 ಸಾಕು. 9 ವ್ಯಾಟ್‌ನ ಎರಡು ಎಲ್ಇಡಿ ಬಲ್ಬ್ 5 ಗಂಟೆ ಉರಿದರೂ 90. ಒಂದು ರಾತ್ರಿಗೆ ಮುಗಿಯುತ್ತಿದ್ದದ್ದು ಎರಡು ರಾತ್ರಿಗೆ ಬರುತ್ತದೆ.

ಕರೆಂಟ್ ಇಲ್ಲದಾಗ ಟಿವಿ, ಮಿಕ್ಸಿ ಮುಟ್ಟಬೇಡಿ. ನಡುರಾತ್ರಿ 108ಕ್ಕೆ ಫೋನ್ ಮಾಡಬೇಕಾಗಿ ಬಂದರೆ, ಮೊಬೈಲ್‌ಗೆ ಚಾರ್ಜ್ ಸಿಗಬೇಕಾದ್ದೂ ಅದೇ ಬ್ಯಾಟರಿಯಿಂದ.