ವೇಗ ಬೇರೆ, ಲಾಘವ ಬೇರೆ

ಸಂಸ್ಕೃತದ ‘ಲಘು’ ಶಬ್ದಕ್ಕೆ ಹಗುರವೆಂಬ ಅರ್ಥವೂ ಉಂಟು, ಶೀಘ್ರವೆಂಬ ಅರ್ಥವೂ ಉಂಟು. ಅದರಿಂದ ಹುಟ್ಟಿದ್ದು ‘ಲಾಘವ’. ಹಸ್ತಲಾಘವವೆಂದರೆ ಕೈಯ ಚುರುಕೆಂಬುದನ್ನು ಓದುಗ ಬಂಧುಗಳು ಬಲ್ಲರು. ನೇರವಾಗಿ ಬೇಗನೆ ಓಡುವುದು ವೇಗ. ಓಡುತ್ತಿರುವಾಗಲೇ ತಡೆದು ನಿಂತು, ತಿರುಗಿ, ಮತ್ತೆ ಮುನ್ನುಗ್ಗುವುದು ಲಾಘವ. ಈ ಎರಡು ಗುಣಗಳನ್ನು ಗಡಿಯಾರ ಹಿಡಿದು ಅಳೆದು, ಅದರ ಮೇಲೆ ತರುಣರ ಜೀವನೋಪಾಯವನ್ನು ತೂಗುವ ಪರೀಕ್ಷೆಯೊಂದು ಅಮೆರಿಕದಲ್ಲಿ ನಡೆಯುತ್ತದೆ.

ಅಲ್ಲಿಯವರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡಹುವ ಆಟವದು. ವೃತ್ತಿಪರ ತಂಡಗಳು 32. ಕಾಲೇಜು ತಂಡಗಳಲ್ಲಿ ಆಡಿದ 300ಕ್ಕೂ ಹೆಚ್ಚು ತರುಣರನ್ನು ವಸಂತಕ್ಕೆ ಮುನ್ನ ಒಂದೆಡೆ ಕರೆಸಿ ಪರೀಕ್ಷಿಸುತ್ತಾರೆ. 1982ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಆರಂಭವಾದ ಈ ಕೂಟ 1987ರಲ್ಲಿ ಇಂಡಿಯಾನಾಪೊಲಿಸ್ ನಗರಕ್ಕೆ ಬಂದಿತು. ಬಳಿಕ ತಂಡಗಳು ಏಳು ಸುತ್ತುಗಳಲ್ಲಿ ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಮೊದಲ ಸುತ್ತಿನಲ್ಲಿ ಹೆಸರು ಬಂದವನ ಮನೆಯ ಬಡತನ ಅಂದೇ ನೀಗಬಹುದು. ಏಳೂ ಸುತ್ತುಗಳಲ್ಲಿ ಬಾರದವನ ಪಾಡು ಅನಿಶ್ಚಿತ.

ಪರೀಕ್ಷೆಗಳಲ್ಲಿ ಪ್ರಸಿದ್ಧವಾದದ್ದು 40 ಗಜದ ಓಟ. ಅಂದರೆ ಸುಮಾರು ಮೂವತ್ತಾರೂವರೆ ಮೀಟರು. ಲಾಘವವನ್ನು ಅಳೆಯಲು ಎರಡು ಬಗೆಗಳುಂಟು. ಮೊದಲನೆಯದರಲ್ಲಿ ಓಟಗಾರ ನಡುಗೆರೆಯಿಂದ ಹೊರಟು ಒಂದು ಬದಿಗೆ 5 ಗಜ ಓಡಿ ಗೆರೆ ಮುಟ್ಟಬೇಕು. ಹಿಂತಿರುಗಿ ಮತ್ತೊಂದು ಬದಿಗೆ 10 ಗಜ ಓಡಿ ಅಲ್ಲಿಯೂ ಮುಟ್ಟಬೇಕು. ಕೊನೆಗೆ 5 ಗಜ ಓಡಿ ನಡುಗೆರೆಯನ್ನು ದಾಟಬೇಕು. ಇನ್ನೊಂದರಲ್ಲಿ ಐದೈದು ಗಜ ಅಂತರದಲ್ಲಿ ಮೂಲೆಗಟ್ಟಿನಂತೆ ಇಟ್ಟ ಮೂರು ಶಂಕುಗಳನ್ನು ಸುತ್ತಿ ಬರಬೇಕು. ಇಲ್ಲಿ ಜಯವು ಓಡುವ ಬಲಕ್ಕಿಂತ ನಿಲ್ಲುವ ಬಲಕ್ಕೆ ಸೇರಿದ್ದು. ಸೊಂಟವನ್ನು ತಗ್ಗಿಸಿ, ಹೊರಗಾಲನ್ನು ಊರಿ, ದೇಹದ ಭಾರವನ್ನು ತಡೆಹಿಡಿಯಲಾರದವನು ಎಷ್ಟು ವೇಗಿಯಾದರೂ ತಿರುವಿನಲ್ಲಿ ಕಾಲವನ್ನು ಕಳೆದುಕೊಳ್ಳುತ್ತಾನೆ.

ಅಳತೆಯ ವಿಷಯದಲ್ಲಿ ಒಂದು ಸೋಜಿಗವಿದೆ. 40 ಗಜದ ಓಟಕ್ಕೆ ಪಿಸ್ತೂಲಿನ ಸದ್ದಿಲ್ಲ. ಓಟಗಾರ ತನಗೆ ಬೇಕೆನಿಸಿದಾಗ ಹೊರಡುತ್ತಾನೆ. ಅವನ ಮೊದಲ ಚಲನೆಯನ್ನು ಕಂಡು ಗಡಿಯಾರವನ್ನು ಒತ್ತುವುದು ಮನುಷ್ಯನ ಕೈ. ಕೊನೆಯಲ್ಲಿ ನಿಲ್ಲಿಸುವುದು ಬೆಳಕಿನ ಕಿರಣ. ಕಣ್ಣು ಕಂಡು ಕೈ ಒತ್ತುವಷ್ಟರಲ್ಲಿ ಓಟಗಾರ ಹೊರಟಾಗಿರುತ್ತದೆ. ಆದ್ದರಿಂದ ಈ ಕಾಲಗಳನ್ನು ಒಲಿಂಪಿಕ್ ಓಟದ ಕಾಲಗಳ ಪಕ್ಕದಲ್ಲಿಟ್ಟು ಹೋಲಿಸುವುದು ನ್ಯಾಯವಲ್ಲ. ಹೀಗಿದ್ದೂ ಸೆಕೆಂಡಿನ ನೂರರಲ್ಲೊಂದು ಅಂಶಕ್ಕಾಗಿ ಚರ್ಚೆ ನಡೆಯುತ್ತದೆ. ತರುಣರು ವಾರಗಟ್ಟಲೆ ಹಣ ತೆತ್ತು, ಬೆರಳನ್ನು ಎಲ್ಲಿ ಊರಬೇಕು, ಮೊದಲ ಹೆಜ್ಜೆ ಎಷ್ಟು ಉದ್ದವಿರಬೇಕು ಎಂಬುದನ್ನೇ ಅಭ್ಯಾಸ ಮಾಡುತ್ತಾರೆ. ಇದು ಪರೀಕ್ಷೆಯ ವಿದ್ಯೆಯೇ ಹೊರತು ಆಟದ ವಿದ್ಯೆಯಲ್ಲವೆಂದೇ ನಮ್ಮ ಅಭಿಪ್ರಾಯ. 130 ಕಿಲೋ ಮೀರಿದ, ಆಟದಲ್ಲಿ ನಾಲ್ಕು ಹೆಜ್ಜೆಯಲ್ಲೇ ಎದುರಾಳಿಗೆ ಡಿಕ್ಕಿಯಾಗುವ ಮಲ್ಲರನ್ನೂ 40 ಗಜ ಓಡಿಸುವುದುಂಟು! ಅವರ ವಿಷಯದಲ್ಲಿ ಬಲ್ಲವರು ಮೊದಲ 10 ಗಜದ ಕಾಲವನ್ನಷ್ಟೇ ಗಮನಿಸುತ್ತಾರೆ.

ಫಲ ಹೇಗಿದೆ? 2017ರಲ್ಲಿ ಜಾನ್ ರಾಸ್ 4.22 ಸೆಕೆಂಡಿನಲ್ಲಿ ಓಡಿ, ಕ್ರಿಸ್ ಜಾನ್ಸನ್ 2008ರಲ್ಲಿ ಸ್ಥಾಪಿಸಿದ್ದ 4.24ರ ದಾಖಲೆಯನ್ನು ಮುರಿದರು. ಸಿನ್ಸಿನಾಟಿ ತಂಡ ಅವರನ್ನು ಒಂಬತ್ತನೆಯವರಾಗಿ ಆರಿಸಿತು. ಗಾಯಗಳು ಕಾಡಿ, ಮೊದಲ ಋತುವಿನಲ್ಲಿ ಅವರು ಒಂದು ಚೆಂಡನ್ನೂ ಹಿಡಿಯಲಿಲ್ಲ. 2003ರಲ್ಲಿ ಆಂಕ್ವಾನ್ ಬೋಲ್ಡಿನ್ ಅದೇ ಬಗೆಯ ಸ್ಥಾನಕ್ಕೆ ನಿಧಾನವೆನಿಸುವ 4.71 ಸೆಕೆಂಡು ತೆಗೆದುಕೊಂಡು ಎರಡನೆಯ ಸುತ್ತಿಗೆ ಇಳಿದರು. ಅದೇ ವರ್ಷ 101 ಚೆಂಡುಗಳನ್ನು ಹಿಡಿದರು. ಟಾಮ್ ಬ್ರೇಡಿಯ ಕಥೆಯಂತೂ ಲೋಕವಿಖ್ಯಾತ. 2000ದಲ್ಲಿ 5.28 ಸೆಕೆಂಡಿನ ಮಂದ ಓಟ, 199ನೆಯ ಆಯ್ಕೆ. ಮುಂದೆ ಏಳು ಸೂಪರ್ ಬೌಲ್ ವಿಜಯಗಳು.

ಹಾಗೆಂದು ಓಟವೇ ನಿರರ್ಥಕವೆನ್ನಲಾಗದು. ಚೆಂಡಿನ ಹಿಂದೆ ಅಂಚಿನಲ್ಲಿ ಓಡುವವನಿಗೆ ವೇಗ ಬೇಕೇ ಬೇಕು. ಕೊರತೆ ಇರುವುದು ಬೇರೆಡೆ. ಶೆಪರ್ಡ್ ಮತ್ತು ಯಂಗ್ ಎಂಬ ಸಂಶೋಧಕರು 2006ರಲ್ಲಿ ಲಾಘವಕ್ಕೆ ಲಕ್ಷಣವನ್ನು ಹೇಳುವಾಗ, ಹೊರಗಿನ ಪ್ರಚೋದನೆಗೆ ಉತ್ತರವಾಗಿ ದೇಹದ ವೇಗವನ್ನೋ ದಿಕ್ಕನ್ನೋ ಶೀಘ್ರವಾಗಿ ಬದಲಿಸುವುದೆಂದು ಸೇರಿಸಿದರು. ಶಂಕುಗಳು ಅಲುಗುವುದಿಲ್ಲ, ಎಲ್ಲಿ ತಿರುಗಬೇಕೆಂಬುದು ಓಟಗಾರನಿಗೆ ಮೊದಲೇ ತಿಳಿದಿರುತ್ತದೆ. ಮೈದಾನದಲ್ಲಾದರೋ ಎದುರಾಳಿಯ ಸೊಂಟದ ವಾಲಿಕೆಯನ್ನು ಕಂಡು ಕ್ಷಣಾರ್ಧದಲ್ಲಿ ನಿರ್ಧರಿಸಬೇಕು.

ಇನ್ನೊಂದು ಮಾತು. ಈ ಕೂಟದ ಮೂಲೋದ್ದೇಶ ಓಟವಲ್ಲ, ವೈದ್ಯ ಪರೀಕ್ಷೆ. ಪ್ರತಿಯೊಂದು ತಂಡವೂ ಹುಡುಗನನ್ನು ಬೇರೆ ಬೇರೆಯಾಗಿ ಕರೆಸಿ ಮೊಣಕಾಲು, ಭುಜಗಳನ್ನು ತಪಾಸಣೆ ಮಾಡಿಸುವ ಬದಲು ಒಂದೇ ಕಡೆ ಮಾಡಿಸಲೆಂದು ಇದನ್ನು ಏರ್ಪಡಿಸಿದರು. ಆ ಕೆಲಸ ಮುಚ್ಚಿದ ಬಾಗಿಲುಗಳ ಹಿಂದೆ ನಡೆಯುತ್ತಲೇ ಇದೆ; ದೂರದರ್ಶನದವರಿಗೆ ಬೇಕಾದದ್ದು ಓಟ ಮಾತ್ರ.